ಜಲಪ್ರಳಯ ಯಾರನ್ನು ಬದಲಿಸಿತು?

(ರಾಮಮೂರ್ತಿ ನಗರದ ಒಂದು ಕನ್ನಡ ಕ್ರೈಸ್ತ ಕುಟುಂಬ. ಮಾವ ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲ್ ಕಲಿಸುವವರು. ಸೊಸೆ ಅವರ ಅಕ್ಕನ ಮಗಳು. ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲೆ. 2025ರ ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿದ ಮೇಲೆ ಇಬ್ಬರ ನಡುವೆ ನಡೆದ ಮಾತು ಇದು.)

ಸೊಸೆ: ಮಾವ, ನಿನ್ನೆ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹೇಳಿದ್ದು ಕೇಳಿಸಿತಲ್ಲ? ಸಾಯಿ ಲೇಔಟಿಗೆ ನೀರು ನುಗ್ಗಿದ್ದು ದೇವರ ಶಿಕ್ಷೆಯಂತೆ, ನೋಹನ ಕಾಲದಲ್ಲಿ ಆದ ಹಾಗೆ. ಸುತ್ತ ಕೂತವರೆಲ್ಲ ಆಮೆನ್ ಅಂದರು. ನನ್ನ ಬಾಯಿಂದ ಆ ಮಾತು ಬರಲಿಲ್ಲ.

ಮಾವ: ನೋಡಿದೆ. ನೀನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಏನು ಹೇಳಬೇಕು ಅನ್ನಿಸಿತೋ ಅದನ್ನು ಈಗ ಹೇಳು.

ಸೊಸೆ: ನಮ್ಮಲ್ಲಿ ಅಪರಾಧ ರುಜುವಾತಾದ ತಕ್ಷಣ ಎಲ್ಲ ಮುಗಿಯುವುದಿಲ್ಲ. ಶಿಕ್ಷೆಯ ಪ್ರಮಾಣದ ಬಗ್ಗೆ ಜಡ್ಜ್ ಬೇರೆಯಾಗಿ ವಾದ ಕೇಳುತ್ತಾರೆ. ಆಗ ನಾವು ನಾಲ್ಕು ಉದ್ದೇಶಗಳನ್ನು ಮುಂದಿಡುತ್ತೇವೆ. ಮಾಡಿದ್ದಕ್ಕೆ ತಕ್ಕ ಪ್ರತಿಫಲ, ನೋಡಿದವರಿಗೆ ಭಯ, ಮಾಡಿದವನು ಮತ್ತೆ ಮಾಡದಂತೆ ತಡೆ, ಕೊನೆಯದು ಅವನ ಸುಧಾರಣೆ. ಇವುಗಳಲ್ಲಿ ಜಲಪ್ರಳಯ ಯಾವುದನ್ನು ಸಾಧಿಸಿತು? ನನಗೆ ಪ್ರತಿಫಲ ಒಂದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೆದರಿಸೋಣ ಅಂದರೆ ಹೆದರುವವರೇ ಉಳಿಯಲಿಲ್ಲ. ಉಳಿದ ಎಂಟು ಜನ ನೀತಿವಂತನ ಮನೆಯವರು. ಸತ್ತವರು ಸುಧಾರಿಸುವುದು ಎಲ್ಲಿಂದ ಬಂತು?

ಮಾವ: ದೇವರನ್ನೇ ಕಟಕಟೆ ಹತ್ತಿಸಿದೆಯಲ್ಲಮ್ಮ.

ಸೊಸೆ: ಹತ್ತಿಸಿದವರು ಕೂಟದಲ್ಲಿ ಮಾತಾಡಿದವರು ಮಾವ. ಮನೆಯೊಳಗೆ ಎದೆಮಟ್ಟ ನೀರು ನಿಂತವರ ಎದುರಿಗೆ ಅವನ ಹೆಸರು ತೆಗೆದವರು ಅವರು. ನಾನು ಅವನ ಪರವಾಗಿ ವಕಾಲತ್ತು ಹಾಕಲು ಬಂದಿದ್ದೇನೆ ಅಂತಲೇ ತಿಳಿದುಕೊಳ್ಳಿ.

ಮಾವ: ಹಾಗಾದರೆ ಮೊದಲು ಉದ್ದೇಶ ಏನಿತ್ತು ಅಂತ ಪುಸ್ತಕದಲ್ಲೇ ಹುಡುಕೋಣ. ಆದಿಕಾಂಡದ 6ನೇ ಅಧ್ಯಾಯ. ಭೂಮಿಯಲ್ಲಿ ಹಿಂಸೆ ತುಂಬಿಹೋಗಿತ್ತು. ಮನುಷ್ಯ ಹೃದಯದಲ್ಲಿ ಯೋಚಿಸುವುದೆಲ್ಲ ಕೆಟ್ಟದ್ದೇ ಆಗಿತ್ತು. ದೇವರಿಗೆ ಸಿಟ್ಟು ಬಂತು ಅಂತ ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ. ಅಲ್ಲಿ ಬರೆದಿರುವುದು ಸಂಕಟದ ಮಾತು. ಮನುಷ್ಯನನ್ನು ಮಾಡಿದೆನಲ್ಲ ಅಂತ ಅವನು ಮನಸ್ಸಿನಲ್ಲೇ ನೊಂದ. ಹೆತ್ತವರು ಮಗನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುವಾಗ ಇರುವ ನೋವು ನಿನಗೆ ಗೊತ್ತಿರಬೇಕು, ನಿನ್ನ ಕೇಸುಗಳಲ್ಲಿ ನೋಡಿರುತ್ತೀಯ.

ಸೊಸೆ: ನೋಡಿದ್ದೇನೆ. ಅವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೊಂದವರು ಕೊಟ್ಟ ಶಿಕ್ಷೆ ಫಲ ಕೊಟ್ಟಿತೇ ಅನ್ನುವುದು ಬೇರೆಯೇ ಪ್ರಶ್ನೆ.

ಮಾವ: ನಿನ್ನ ನಾಲ್ಕು ಉದ್ದೇಶಗಳಲ್ಲಿ ಒಂದು ಬಿಟ್ಟುಹೋಗಿದೆ. ಅದು ಹೊಸದಾಗಿ ಶುರುಮಾಡುವುದು. 1ನೇ ಅಧ್ಯಾಯದಲ್ಲಿ ದೇವರು ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರೆ ಮಾಡಿ ನಡುವೆ ಬದುಕಲು ಜಾಗ ಮಾಡಿಕೊಟ್ಟ. 7ನೇ ಅಧ್ಯಾಯದಲ್ಲಿ ಅದೇ ಎರಡು ನೀರು ಮತ್ತೆ ಒಂದಾಗುತ್ತವೆ, ಮೇಲಿಂದ ಸುರಿಯುತ್ತದೆ, ಆಳದಿಂದ ಉಕ್ಕುತ್ತದೆ. ನಲವತ್ತು ದಿನ ಮಳೆ, ನೂರೈವತ್ತು ದಿನ ನೀರಿನ ಪ್ರಾಬಲ್ಯ. ಆಮೇಲೆ ಗಾಳಿ ಬೀಸುತ್ತದೆ, ಒಣನೆಲ ಕಾಣುತ್ತದೆ. ಮಕ್ಕಳುಮರಿಯಾಗಿ ಭೂಮಿಯನ್ನು ತುಂಬಿ ಅನ್ನುವ ಆಶೀರ್ವಾದವೂ ಎರಡನೆಯ ಸಲ ಸಿಗುತ್ತದೆ. ಸೃಷ್ಟಿಯನ್ನೇ ಬಿಚ್ಚಿ ಮತ್ತೆ ಹೆಣೆದ ಕಥೆ ಇದು. ಅಳೆಯುವುದಾದರೆ ಆ ಅಳತೆಯಲ್ಲಿ ಅಳೆ.

ಸೊಸೆ: ಅದೇ ಅಳತೆ ಹಿಡಿಯುತ್ತೇನೆ. ಹೊಸ ಲೋಕದಲ್ಲಿ ಮೊದಲು ನಡೆದದ್ದೇನು? ನೋಹ ದ್ರಾಕ್ಷಿತೋಟ ಹಾಕಿದ, ಕುಡಿದು ಗುಡಾರದಲ್ಲಿ ಬೆತ್ತಲೆ ಬಿದ್ದ. ಮಗ ಹಾಮ ನೋಡಿ ಹೊರಗೆ ಹೇಳಿದ. ಎಚ್ಚರವಾದ ಮೇಲೆ ನೋಹ ಶಪಿಸಿದ್ದು ಯಾರನ್ನು? ಹಾಮನನ್ನಲ್ಲ, ಹಾಮನ ಮಗ ಕಾನಾನನನ್ನು, ದಾಸರ ದಾಸನಾಗು ಅಂತ. ಇನ್ನೊಂದು ವಿಷಯ ಗಮನಿಸಿದ್ದೀರಾ ಮಾವ? ಇಡೀ ಪ್ರಳಯದ ಕಥೆಯಲ್ಲಿ ನೋಹ ಒಂದು ಮಾತೂ ಆಡುವುದಿಲ್ಲ. ನಾವೆ ಕಟ್ಟುವಾಗ ಇಲ್ಲ, ಬಾಗಿಲು ಮುಚ್ಚಿದಾಗ ಇಲ್ಲ, ಹೊರಗೆ ಬಂದಾಗಲೂ ಇಲ್ಲ. ಅವನ ಬಾಯಿಂದ ಬಂದ ಮೊದಲ ಮಾತೇ ಆ ಶಾಪ.

ಮಾವ: ಆ ಭಾಗವನ್ನು ಮಕ್ಕಳ ಪಾಠದಲ್ಲಿ ಇಡುವುದಿಲ್ಲ. ಪಾರಿವಾಳ, ಎಣ್ಣೆಮರದ ಎಲೆ, ಮುಗಿಲುಬಿಲ್ಲು, ಅಲ್ಲಿಗೆ ಪಾಠ ಮುಗಿಯುತ್ತದೆ.

ಸೊಸೆ: ಇಡಬೇಕು ಮಾವ. ದೊಡ್ಡ ಮಕ್ಕಳಿಗಾದರೂ ಹೇಳಬೇಕು. ಆ ಶಾಪ ತೋರಿಸಿಯೇ ಅಮೆರಿಕದ ತೋಟದ ಮಾಲೀಕರು ಆಫ್ರಿಕಾದವರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಧರ್ಮವೇ ಅಂತ ವಾದಿಸಿದರು. ಯಾರೋ ಹಿಂದಿನವರ ತಪ್ಪಿಗೆ ಹುಟ್ಟುವ ಮಗು ಸೇವೆ ಮಾಡಿಕೊಂಡು ಇರಬೇಕು ಅನ್ನುವ ಮಾತು ಎಂಥದ್ದು ಅಂತ ಜಾತಿಯಿರುವ ಈ ದೇಶದಲ್ಲಿ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭೂಮಿಯಿಂದ ಹಿಂಸೆಯನ್ನು ತೊಳೆಯಲು ಬಂದ ನೀರು ಇಳಿದ ಮೇಲೆ, ಉಳಿದ ಒಂದೇ ಒಂದು ಮನೆಯಲ್ಲಿ ಒಡೆಯ ಮತ್ತು ಆಳು ಅನ್ನುವ ಭೇದ ಹುಟ್ಟಿತು. ಎರಡೇ ಅಧ್ಯಾಯ ದಾಟಿದರೆ ಬಾಬೆಲ್ ಗೋಪುರ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಬೈಬಲ್ ಕೊಡು ಇಲ್ಲಿ. ನಿನಗೆ ಬೇಕಾದ ತೀರ್ಪು ದ್ರಾಕ್ಷಿತೋಟಕ್ಕಿಂತ ಮುಂಚೆಯೇ ಬಂದಿದೆ. 8ನೇ ಅಧ್ಯಾಯದ ಕೊನೆ ನೋಡು. ನೆಲ ಆಗಷ್ಟೇ ಒಣಗಿದೆ, ನೋಹ ಯಜ್ಞವೇದಿ ಕಟ್ಟಿ ಹೋಮ ಮಾಡಿದ್ದಾನೆ. ಆಗ ದೇವರು ತನ್ನ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ, ಇನ್ನು ಮೇಲೆ ಮನುಷ್ಯನ ದೆಸೆಯಿಂದ ಭೂಮಿಯನ್ನು ಶಪಿಸುವುದಿಲ್ಲ ಅಂತ. ಯಾಕೆ? ಮನುಷ್ಯ ಸುಧಾರಿಸಿದ ಅಂತಲೇ? ಅಲ್ಲ. ಅವನ ಹೃದಯದ ಆಲೋಚನೆ ಚಿಕ್ಕಂದಿನಿಂದಲೂ ಕೆಟ್ಟದ್ದೇ, ಅದಕ್ಕೆ.

ಸೊಸೆ: 6ನೇ ಅಧ್ಯಾಯದಲ್ಲಿ ಕೊಟ್ಟ ಕಾರಣವೇ ಅಲ್ಲವೇ ಇದು?

ಮಾವ: ಅದೇ. ಹೃದಯ ಕೆಟ್ಟಿದೆ, ಆದ್ದರಿಂದ ಅಳಿಸಿಬಿಡುತ್ತೇನೆ ಅಂತ ಅಲ್ಲಿ. ಹೃದಯ ಕೆಟ್ಟಿದೆ, ಆದ್ದರಿಂದ ಇನ್ನು ಅಳಿಸುವುದಿಲ್ಲ ಅಂತ ಇಲ್ಲಿ. ನಡುವೆ ಒಂದು ಲೋಕ ಮುಳುಗಿ ಎದ್ದಿದೆ, ಮನುಷ್ಯನ ಬಗ್ಗೆ ಬರೆದ ವರದಿ ಮಾತ್ರ ಬದಲಾಗಿಲ್ಲ. ಇದನ್ನು ದೇವರ ವಿರೋಧಿಗಳು ಬರೆದು ಸೇರಿಸಿದ್ದಲ್ಲ. ನಂಬಿದವರೇ ಬರೆದರು, ನಂಬಿದವರೇ ಸಾವಿರಾರು ವರ್ಷ ಕಾಪಾಡಿಕೊಂಡು ಬಂದರು. ನನಗೆ ಆ ಪುಸ್ತಕದ ಮೇಲೆ ಗೌರವ ಹೆಚ್ಚುವುದು ಇಂಥ ಜಾಗದಲ್ಲಿ.

ಸೊಸೆ: ಅಂದರೆ ಶಿಕ್ಷೆ ಸೋತಿತು ಅಂತ ಶಿಕ್ಷೆ ಕೊಟ್ಟವನೇ ಒಪ್ಪಿಕೊಂಡ ಹಾಗಾಯಿತು.

ಮಾವ: ಸೋತಿತು ಅನ್ನುವ ಮಾತು ನನ್ನ ನಾಲಿಗೆಗೆ ಬರುವುದಿಲ್ಲ. ಮನುಷ್ಯನ ಹೃದಯವನ್ನು ತಿದ್ದುವುದೇ ಉದ್ದೇಶವಾಗಿದ್ದರೆ ಪ್ರಳಯ ಅದನ್ನು ಮಾಡಲಿಲ್ಲ, ಇಷ್ಟನ್ನು ಒಪ್ಪುತ್ತೇನೆ. ಬದಲಾದದ್ದು ದೇವರು ಮನುಷ್ಯನೊಡನೆ ನಡೆದುಕೊಳ್ಳುವ ರೀತಿ. 9ನೇ ಅಧ್ಯಾಯದಲ್ಲಿ ಕೊಲೆಯ ಬಗ್ಗೆ ಕಟ್ಟಳೆ ಬರುತ್ತದೆ. ಮನುಷ್ಯನ ರಕ್ತ ಸುರಿಸಿದರೆ ಲೆಕ್ಕ ಕೇಳುತ್ತೇನೆ, ಯಾಕೆಂದರೆ ಅವನು ನನ್ನ ಹೋಲಿಕೆಯವನು ಅನ್ನುತ್ತಾನೆ. ಇನ್ನು ಮುಂದೆ ಎಲ್ಲರನ್ನೂ ಒಟ್ಟಿಗೆ ಮುಳುಗಿಸುವುದಿಲ್ಲ, ಮಾಡಿದವನ ಹತ್ತಿರವೇ ಕೇಳುತ್ತೇನೆ ಅಂತ. ನಿನ್ನ ವೃತ್ತಿಯ ಬೇರು ಅಲ್ಲಿದೆ.

ಸೊಸೆ: ಎಲ್ಲರನ್ನೂ ಒಟ್ಟಿಗೆ ಮುಳುಗಿಸಿದ್ದು ಸರಿಯಲ್ಲ ಅನ್ನುವ ಆಕ್ಷೇಪಣೆ ಅದಕ್ಕಿಂತ ಹಳೆಯದು ಮಾವ. 1872ರಲ್ಲಿ ಜಾರ್ಜ್ ಸ್ಮಿತ್ ಅನ್ನುವವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಮಣ್ಣಿನ ಹಲಗೆಯೊಂದರ ಮೇಲೆ ಪ್ರಳಯದ ಕಥೆ ಓದಿದರು. ಗಿಲ್ಗಮೇಶನ ಕಾವ್ಯದ ಹನ್ನೊಂದನೆಯ ಹಲಗೆ ಅದು. ಅಲ್ಲಿ ಪ್ರಳಯ ತಂದ ದೇವರು ಎನ್‌ಲಿಲ್. ನೀರು ಇಳಿದ ಮೇಲೆ ಇನ್ನೊಬ್ಬ ದೇವರು ಏಯಾ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ತಪ್ಪು ಮಾಡಿದವನ ಮೇಲೆ ತಪ್ಪು ಹೊರಿಸಬೇಕಿತ್ತು, ಯೋಚನೆ ಮಾಡದೆ ಎಲ್ಲರನ್ನೂ ಯಾಕೆ ಮುಳುಗಿಸಿದೆ ಅನ್ನುತ್ತಾನೆ. ಮೆಸೊಪೊಟೇಮಿಯಾದಲ್ಲಿ ಆ ಕಾಲಕ್ಕೇ ಯಾರಿಗೋ ನನ್ನ ಹಾಗೆ ಸಂಕಟವಾಗಿತ್ತು. ನಮ್ಮಲ್ಲಿ ಆ ಮಾತು ಆಡಿದವನು ಅಬ್ರಹಾಮ. ಸೊದೋಮನ್ನು ಸುಡುವ ಮುಂಚೆ, ದುಷ್ಟರ ಸಂಗಡ ನೀತಿವಂತರನ್ನೂ ಅಳಿಸುತ್ತೀಯಾ ಅಂತ ಕೇಳಿ ಐವತ್ತರಿಂದ ಹತ್ತರವರೆಗೆ ಚೌಕಾಸಿ ಮಾಡಿದ. ನೋಹ ಕೇಳಲಿಲ್ಲ.

ಮಾವ: ನೋಹನದು ವಿಧೇಯತೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರದ ನಾವೆ ಕಟ್ಟುವುದು ಸಣ್ಣ ನಂಬಿಕೆಯಲ್ಲ. ಆದರೆ ನಿನ್ನ ಮಾತಿಗೆ ಶಿವಾಜಿನಗರದಿಂದ ಐಟಿಐಗೆ ಬರುತ್ತಿದ್ದ ನಮ್ಮ ಸೆಕ್ಷನ್ನಿನ ಸಾಹೇಬರೊಬ್ಬರು ನೆನಪಾಗುತ್ತಾರೆ. ಅವರ ಕುರಾನಿನಲ್ಲಿ ನೂಹ್ ಪ್ರವಾದಿ ಒಂಬೈನೂರೈವತ್ತು ವರ್ಷ ಜನರ ನಡುವೆ ಇದ್ದು ಕರೆದರೂ ಕೇಳಿದವರು ಕೆಲವರೇ. ಸ್ವಂತ ಮಗನನ್ನು ಹಡಗಿಗೆ ಬಾ ಅಂತ ಕೂಗುತ್ತಾನೆ, ಮಗ ಬೆಟ್ಟ ಹತ್ತಿ ಉಳಿಯುತ್ತೇನೆ ಅನ್ನುತ್ತಾನೆ, ನಡುವೆ ಅಲೆ ಬರುತ್ತದೆ. ಆ ಮಗನಿಗಾಗಿ ಅವನು ದೇವರಲ್ಲಿ ಮೊರೆಯಿಡುತ್ತಾನೆ. ಊಟದ ಬಿಡುವಿನಲ್ಲಿ ಇದನ್ನು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಇಲ್ಲಿನ ಮನುವಿನ ಕಥೆಯಲ್ಲಂತೂ ಅಪರಾಧದ ಮಾತೇ ಇಲ್ಲ. ಶತಪಥ ಬ್ರಾಹ್ಮಣದಲ್ಲಿ ಮೀನು ಎಚ್ಚರಿಕೆ ಕೊಡುತ್ತದೆ, ನೀರು ಬರುತ್ತದೆ, ಅವನು ಉಳಿಯುತ್ತಾನೆ.

ಸೊಸೆ: ಇನ್ನೂ ಒಂದು ಕೇಳುತ್ತೇನೆ. ಹಿಂಸೆ ಮಾಡಿದವರು ಮನುಷ್ಯರು. ದನಕರು, ಹಕ್ಕಿಗಳ ತಪ್ಪೇನು? ತೊಟ್ಟಿಲ ಕೂಸಿನ ತಪ್ಪೇನು?

ಮಾವ: ಉತ್ತರ ನನ್ನ ಬಳಿ ಇಲ್ಲ. ಯಾರ ಬಳಿಯಾದರೂ ಇದೆ ಅಂದರೆ ನಾನು ನಂಬುವುದಿಲ್ಲ. ಆದರೆ ಒಡಂಬಡಿಕೆ ಯಾರ ಜೊತೆ ಆಯಿತು ನೋಡು. ನೋಹನ ಜೊತೆ ಮಾತ್ರ ಅಲ್ಲ. ನಾವೆಯಿಂದ ಇಳಿದ ಪ್ರತಿ ಪ್ರಾಣಿಯ ಜೊತೆಗೂ, ಹಕ್ಕಿ, ದನ, ಕಾಡುಮೃಗ ಎಲ್ಲದರ ಜೊತೆಗೂ ಅಂತ ಆ ಅಧ್ಯಾಯ ಮತ್ತೆ ಮತ್ತೆ ಹೇಳುತ್ತದೆ. ತಪ್ಪಿಲ್ಲದೆ ಸತ್ತ ಜೀವಗಳ ನೆನಪು ಅದರಲ್ಲಿ ಇದೆ ಅಂತ ನನಗನ್ನಿಸುತ್ತದೆ. ಮುಗಿಲುಬಿಲ್ಲು ಇಟ್ಟದ್ದೂ ಯಾರಿಗಾಗಿ? ಅದನ್ನು ನೋಡಿ ಮಾತನ್ನು ನೆನಪಿಟ್ಟುಕೊಳ್ಳುವವನು ನಾನು ಅಂತ ದೇವರೇ ಹೇಳುತ್ತಾನೆ. ಅವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡ.

ಸೊಸೆ: ಅವನೇ ಕಟ್ಟಿಕೊಂಡ ಕೈಯನ್ನು ನಿನ್ನೆ ಕೂಟದಲ್ಲಿ ಬಿಚ್ಚಿಬಿಟ್ಟರಲ್ಲ ಮಾವ! ಸಾಯಿ ಲೇಔಟಿನ ನೀರು ನೋಹನ ಕಾಲದ ಶಿಕ್ಷೆ ಅನ್ನುವುದು ನೋಹನಿಗೆ ಕೊಟ್ಟ ಮಾತನ್ನು ದೇವರು ಮುರಿದ ಅಂದ ಹಾಗಲ್ಲವೇ?

ಮಾವ: ಹೌದು. ಇದು ಅವರೊಬ್ಬರ ಮಾತಲ್ಲ. ದೊಡ್ಡವರೂ ಆಡಿದ್ದಾರೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಗಾಂಧೀಜಿ ಆಗ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದರು. ತಮಿಳುನಾಡಿನಲ್ಲಿ ಮಾತಾಡುತ್ತಾ, ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕಳಿಸಿದ ಶಿಕ್ಷೆ ಅಂದುಬಿಟ್ಟರು.

ಸೊಸೆ: ಟ್ಯಾಗೋರರು ಒಪ್ಪಲಿಲ್ಲ.

ಮಾವ: ಒಪ್ಪಲಿಲ್ಲ. ಅಸ್ಪೃಶ್ಯತೆ ಪಾಪ ಅನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ, ಗಾಂಧಿಯ ಮೇಲೆ ಗೌರವವೂ ಇತ್ತು. ಆದರೂ ಪ್ರಕೃತಿಯ ಘಟನೆಗೆ ನೀತಿಯ ಕಾರಣ ಅಂಟಿಸಬಾರದು ಅಂತ ಬರೆದರು. ಇದೇ ವಾದವನ್ನು ಎದುರಾಳಿಗಳೂ ಎತ್ತಿಕೊಳ್ಳಬಹುದು, ಅಸ್ಪೃಶ್ಯತೆ ತೆಗೆಯಲು ಹೊರಟದ್ದಕ್ಕೇ ಭೂಕಂಪವಾಯಿತು ಅನ್ನಬಹುದು ಅಂತ ಎಚ್ಚರಿಸಿದರು. ಗಾಂಧೀಜಿ ಆ ಟೀಕೆಯನ್ನು ತಮ್ಮ ಹರಿಜನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ತಮ್ಮ ನಂಬಿಕೆ ಬಿಡಲಿಲ್ಲ, ಆದರೆ ಎದುರು ಮಾತನ್ನು ಜನರಿಂದ ಮುಚ್ಚಿಡಲಿಲ್ಲ. ಆ ವಾದದಲ್ಲಿ ನಾನು ಟ್ಯಾಗೋರರ ಕಡೆ.

ಸೊಸೆ: ನಾನೂ. ಬಿಹಾರದ ಮುಂಗೇರಿನಲ್ಲಿ ಮನೆ ಕುಸಿದು ಸತ್ತವರಲ್ಲಿ ಅಸ್ಪೃಶ್ಯತೆ ಅನುಭವಿಸಿದವರೂ ಇದ್ದಿರಲೇಬೇಕು. ಅವರಿಗೆ ಅದು ಯಾವ ಶಿಕ್ಷೆ?

ಮಾವ: ನಮ್ಮ ಮನೆತನದ ಕಥೆಯೂ ಅದೇ ಕಣಮ್ಮ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಮಿಷನ್ ಅನಾಥಾಲಯ ಸೇರಿದ ಹುಡುಗಿಯ ವಂಶ ನಾವು. 1876ರಿಂದ 78ರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಆಗಲೂ ಅದು ದೇವರ ಕೋಪ ಅಂದವರಿದ್ದರು. ಮಾರಿಯ ಕೋಪ ಅಂದವರೂ ಇದ್ದರು. ಕೋಪ ಅಂತ ಕೈಚೆಲ್ಲಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ, ನಾನೂ ನೀನೂ ಇರುತ್ತಿರಲಿಲ್ಲ. ಯಾರೋ ಗಂಜಿ ಕೊಟ್ಟರು. ಬರದ ನಡುವೆಯೂ ದೇಶದಿಂದ ಧಾನ್ಯ ಹೊರಗೆ ಹೋಗುತ್ತಿತ್ತು ಅನ್ನುವುದನ್ನು ಯಾರೋ ಎತ್ತಿ ತೋರಿಸಿದರು. 1880ರಲ್ಲಿ ಬರ ಆಯೋಗದ ವರದಿ ಬಂತು, ಬರ ಬಂದರೆ ಸರ್ಕಾರ ಏನು ಮಾಡಬೇಕು ಅನ್ನುವ ನಿಯಮಗಳು ಬಂದವು.

ಸೊಸೆ: ಇಲ್ಲಿಯೂ ಅದನ್ನೇ ಕೇಳಬೇಕು. ಮೇ 18ರ ರಾತ್ರಿ ಬೆಂಗಳೂರಿನಲ್ಲಿ ಬಿದ್ದದ್ದು 100 ಮಿಲಿಮೀಟರಿಗೂ ಮೀರಿದ ಮಳೆ. ಮಳೆಯನ್ನು ನಾವು ತರಲಿಲ್ಲ, ಸರಿ. ಆದರೆ ಹೆಬ್ಬಾಳ, ನಾಗವಾರದ ಕಡೆಯಿಂದ ಇಳಿದು ಬರುವ ನೀರು ರಾಜಕಾಲುವೆಯಲ್ಲಿ ಗೆದ್ದಲಹಳ್ಳಿಯ ಹತ್ತಿರ ರೈಲು ಹಳಿಯ ಕೆಳಗೆ ಇಕ್ಕಟ್ಟಾದ ದಾರಿಯಲ್ಲಿ ನುಸುಳಬೇಕು. ನುಸುಳಲಾಗದೆ ಹಿಂದಕ್ಕೆ ಒತ್ತಿತು. ಒತ್ತಿದ್ದು ತಗ್ಗಿನಲ್ಲಿ ಕಟ್ಟಿದ ಲೇಔಟಿಗೆ. ಆ ತಗ್ಗಿನಲ್ಲಿ ಸೈಟು ಮಾಡಲು ಸಹಿ ಹಾಕಿದವರು ಯಾರು? ನೀರಿನಲ್ಲಿ ನಿಂತವರು ಮಾತ್ರ ಜೀವಮಾನದ ದುಡಿಮೆ ಹಾಕಿ ಸೈಟು ಕೊಂಡವರು. ಅದೇ ಮಳೆಯಲ್ಲಿ ಮಹದೇವಪುರದ ಕಡೆ ಕಾಂಪೌಂಡ್ ಗೋಡೆ ಬಿದ್ದು ಸತ್ತದ್ದು ಕೆಲಸಕ್ಕೆ ಬಂದಿದ್ದ ಹೌಸ್‌ಕೀಪಿಂಗ್ ಮಹಿಳೆ. ಹಿಂದಿನ ವರ್ಷ, 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತಲ್ಲ, ಅನುಮತಿ ಮೀರಿ ಮಹಡಿ ಏರಿಸಿದ್ದು ಒಬ್ಬರು, ಅಡಿಯಲ್ಲಿ ಸಿಕ್ಕಿದ್ದು ಹೆಚ್ಚಾಗಿ ಹೊರ ರಾಜ್ಯಗಳಿಂದ ಕೂಲಿಗೆ ಬಂದವರು. ಇದನ್ನು ಶಿಕ್ಷೆ ಅಂದರೆ ಆರೋಪಿ ಒಬ್ಬ, ಜೈಲಿಗೆ ಹೋದವನು ಇನ್ನೊಬ್ಬ.

ಮಾವ: ಅಲ್ಲಿ ನಿನ್ನ ಜೊತೆ ಪೂರ್ತಿ ಬರಲು ನನಗಾಗುವುದಿಲ್ಲ. ಭೂಮಿಯಲ್ಲಿ ಹಿಂಸೆ ತುಂಬಿತ್ತು ಅಂತ 6ನೇ ಅಧ್ಯಾಯ ಹೇಳುವಾಗ ನನಗೆ ನಮ್ಮ ಕೆರೆಗಳು ನೆನಪಾಗುತ್ತವೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ, ಕಲ್ಕೆರೆ ಆದ ಮೇಲೆ ರಾಂಪುರ, ಅಲ್ಲಿಂದ ಎಲೆಮಲ್ಲಪ್ಪ ಶೆಟ್ಟಿ ಕೆರೆ. ಆ ಸಾಲನ್ನು ಮುರಿದದ್ದೂ ಹಿಂಸೆಯೇ. ಮಾಡಿದ ತಪ್ಪಿಗೆ ಫಲ ಇದ್ದೇ ಇದೆ. ಬೋಧಕನಾದವನು ಅದನ್ನು ಹೇಳಬೇಡವೇ?

ಸೊಸೆ: ಹೇಳಲಿ, ಗಟ್ಟಿಯಾಗಿ ಹೇಳಲಿ. ಆದರೆ ಫಲ ಬೇರೆ, ಶಿಕ್ಷೆ ಬೇರೆ. ಫಲ ಯಾರ ಮನೆಗಾದರೂ ನುಗ್ಗುತ್ತದೆ. ಶಿಕ್ಷೆ ಮಾಡಿದವನನ್ನೇ ಹುಡುಕಿಕೊಂಡು ಹೋಗಬೇಕು. ದೇವರ ಶಿಕ್ಷೆ ಅಂದ ಕ್ಷಣಕ್ಕೆ ಹುಡುಕಾಟ ನಿಂತುಹೋಗುತ್ತದೆ, ಸಹಿ ಹಾಕಿದವರು ಆರಾಮಾಗಿ ಮಲಗುತ್ತಾರೆ. ಭಯದಿಂದ ಜನ ತಿದ್ದಿಕೊಳ್ಳುತ್ತಾರೆ ಅನ್ನುವುದಕ್ಕೂ ಈ ಊರು ಸಾಕ್ಷಿ ಹೇಳುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಪೂರ್ವ ಬೆಂಗಳೂರು ಮುಳುಗಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಿದರು. ಆಗ ರಾಜಕಾಲುವೆ ಒತ್ತುವರಿಗೆ ಜೆಸಿಬಿ ಬಂತು. ನೀರು ಒಣಗಿದ ಮೇಲೆ ಕೆಲಸ ನಿಧಾನವಾಯಿತು. ಮೂರು ವರ್ಷ ತುಂಬುವ ಮೊದಲೇ ಮತ್ತೆ ದೋಣಿ. 8ನೇ ಅಧ್ಯಾಯದಲ್ಲಿ ದೇವರು ಮನುಷ್ಯನ ಬಗ್ಗೆ ಬರೆದ ವರದಿ ಇವತ್ತಿಗೂ ಹಾಗೇ ನಿಂತಿದೆ.

ಮಾವ: ಹಾಗಾದರೆ ದಾರಿ ಯಾವುದು ಅನ್ನುತ್ತೀಯ?

ಸೊಸೆ: ಅವನು ಹಿಡಿದದ್ದೇ. ಮುಳುಗಿಸುವುದನ್ನು ಬಿಟ್ಟು ಕಟ್ಟಳೆಗೆ ಬಂದನಲ್ಲ, ಪ್ರತಿಯೊಬ್ಬನ ಲೆಕ್ಕ ಅವನವನ ಹತ್ತಿರ ಕೇಳುತ್ತೇನೆ ಅಂದನಲ್ಲ, ಅದು. ರಾಜಕಾಲುವೆಯ ಅಗಲ ನಕ್ಷೆಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ? ಕಡಿಮೆಯಾದದ್ದು ಯಾರ ಕಾಲದಲ್ಲಿ? ಇಷ್ಟನ್ನು ಬಿಡದೆ ಕೇಳುವುದು.

ಮಾವ: ಒಪ್ಪಿದೆ. ಪ್ರಳಯ ಮನುಷ್ಯನನ್ನು ತಿದ್ದಲಿಲ್ಲ. ಅದನ್ನು ಕಂಡು ದೇವರು ಆ ದಾರಿಯನ್ನೇ ಬಿಟ್ಟ. ಅವನು ಬಿಟ್ಟದ್ದನ್ನು ಅವನ ಹೆಸರಿನಲ್ಲಿ ಹಿಡಿದುಕೊಂಡು ಓಡಾಡುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಬರುವ ವಾರ ದೊಡ್ಡ ಮಕ್ಕಳಿಗೆ 6ನೇ ಅಧ್ಯಾಯವನ್ನೂ 8ರ ಕೊನೆಯನ್ನೂ ಒಟ್ಟಿಗೆ ಓದಿಸುತ್ತೇನೆ, ದ್ರಾಕ್ಷಿತೋಟವನ್ನೂ ಬಿಡುವುದಿಲ್ಲ. ನೀನು ಮುಂದಿನ ಕೂಟಕ್ಕೆ ಬರುವಾಗ ರೈಲು ಹಳಿಯ ಕೆಳಗಿನ ಆ ದಾರಿಯನ್ನು ಅಗಲ ಮಾಡಿಸಿ ಅಂತ ಪಾಲಿಕೆಗೂ ರೈಲ್ವೆಗೂ ಒಂದೊಂದು ಅರ್ಜಿ ಬರೆದುಕೊಂಡು ಬಾ. ಆಮೆನ್ ಅಂದವರೆಲ್ಲರೂ ಅದಕ್ಕೆ ಸಹಿ ಹಾಕಲಿ.